ನೋಡಲಾರದ ಇಲಿಗೆ ಬೆಳಗಾದದ್ದು ಹೇಗೆ ಗೊತ್ತಾಯಿತು?

ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಮಂದ ಬೆಳಕಿಗೆ ರಾಡ್, ಹಗಲಿಗೂ ಬಣ್ಣಕ್ಕೂ ಕೋನ್. ಶಾಲೆಯಲ್ಲಿ ನಾವೆಲ್ಲ ಓದಿದ್ದು ಇದನ್ನೇ ಅಲ್ವಾ? 1866ರಲ್ಲಿ ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ ಈ ಎರಡಕ್ಕೂ ಕೆಲಸ ಹಂಚಿಕೊಟ್ಟ ಮೇಲೆ ಪಟ್ಟಿ ಪೂರ್ತಿಯಾಯಿತು ಎಂದೇ ಎಲ್ಲರೂ ನಂಬಿದರು. ಮೂರನೆಯ ಹೆಸರು ಅದಕ್ಕೆ ಸೇರಿದ್ದು 2002ರಲ್ಲಿ.

ನಡುವೆ 136 ವರ್ಷ. ರೆಟಿನಾವನ್ನು ಯಾರೂ ನೋಡಲಿಲ್ಲ ಎಂದಲ್ಲ. ಸಸ್ತನಿಗಳ ನರಮಂಡಲದಲ್ಲಿ ಇಷ್ಟೊಂದು ಜಾಲಾಡಿದ ಜಾಗ ಸಿಗುವುದು ಕಷ್ಟ. ಸುಳಿವು ಸಿಗಲಿಲ್ಲ ಎಂದೂ ಅಲ್ಲ. ಅದು 1927ರಲ್ಲೇ ಅಚ್ಚಾಗಿತ್ತು. ಆದರೂ ಇಷ್ಟು ತಡ ಯಾಕಾಯಿತು, ಕೊನೆಗೆ ಏನು ಮಾಡಿದಾಗ ಸಿಕ್ಕಿತು ಎಂಬುದೇ ಈ ಪ್ರಕರಣ. ನಾನು ಹೇಳಹೊರಟಿರುವುದು ಇಷ್ಟು: ಒಂದು ನರಕೋಶ ಬೇರೆ ಬಗೆಯದು ಎನ್ನಲು ಅದರ ಆಕಾರ ನೋಡಿದರೆ ಸಾಲದು. ಅದು ಸುದ್ದಿಯನ್ನು ಎಲ್ಲಿಗೆ ಕಳಿಸುತ್ತದೆ ಎಂದು ಕೇಳಿದ ಮೇಲಷ್ಟೇ ಈ ಕೋಶ ಕೈಗೆ ಸಿಕ್ಕಿತು.

ಕೀಲರ್ ಅವರ ಇಲಿಗಳು

ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಕ್ಲೈಡ್ ಕೀಲರ್ ಬಿಳಿ ಇಲಿಗಳ ಕಣ್ಣನ್ನು ತೆಳುವಾಗಿ ಕತ್ತರಿಸಿ, ಸ್ಲೈಡ್ ಮಾಡಿ ನೋಡುತ್ತಿದ್ದರು. ಕೆಲವು ಇಲಿಗಳ ರೆಟಿನಾದಲ್ಲಿ ಒಂದು ಪದರವೇ ಕಾಣಲಿಲ್ಲ. ರಾಡ್‌ಗಳು ಇರಬೇಕಾದ ಜಾಗ ಖಾಲಿ. ಇದು ತಂದೆತಾಯಿಯಿಂದ ಮರಿಗಳಿಗೆ ಬರುವ ದೋಷ ಎಂದು ಅವರು 1924ರಲ್ಲಿ ಬರೆದರು. ಇಲಿಯ ರೆಟಿನಾದಲ್ಲಿ ರಾಡ್ ಮತ್ತು ಕೋನ್ ಸೇರಿಸಿ ಎಣಿಸಿದರೆ ನೂರಕ್ಕೆ 97 ರಾಡ್‌ಗಳೇ. ಅವು ಹೋದರೆ ಇಲಿ ಕುರುಡಾದ ಹಾಗೆಯೇ.

ಆದರೆ ಆ ಕುರುಡು ಇಲಿಯ ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕಿರಿದಾಗುತ್ತಿತ್ತು. ನೋಡುವ ಕೋಶವೇ ಇಲ್ಲ, ಆದರೂ ಪಾಪೆಗೆ ಬೆಳಕು ಬಂದದ್ದು ಗೊತ್ತು! ಕೀಲರ್ ಇದನ್ನು 1927ರಲ್ಲಿ ಪ್ರಕಟಿಸಿದರು. ರೆಟಿನಾದ ಒಳಪದರದ ಕೋಶಗಳೋ, ಮಿದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳೋ ನೇರವಾಗಿ ಬೆಳಕಿಗೆ ಸ್ಪಂದಿಸುತ್ತಿರಬಹುದು, ಇಲ್ಲವೇ ಪಾಪೆಯ ಸುತ್ತಲಿನ ಐರಿಸ್ ಸ್ನಾಯುವೇ ಬೆಳಕನ್ನು ಹಿಡಿಯುತ್ತಿರಬಹುದು ಎಂದು ಊಹಿಸಿದರು.

ಎರಡೂ ಊಹೆ ಸರಿಯಾಗಿದ್ದವು. ಮೊದಲನೆಯದು ಈ ಬರಹದ ವಿಷಯ. ಎರಡನೆಯದು 2011ರಲ್ಲಿ ಸಾಬೀತಾಯಿತು. ಇಲಿಯಂಥ ನಿಶಾಚರಿಗಳ ಐರಿಸ್ ಸ್ನಾಯು ತಾನೇ ಬೆಳಕಿಗೆ ಸಂಕುಚಿಸುತ್ತದೆ. ಮಂಗ, ಮನುಷ್ಯರಂಥ ಪ್ರೈಮೇಟ್‌ಗಳಲ್ಲಿ ಅದು ಇಲ್ಲ.

ಈ ಇಲಿಗಳ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಬಿಡಲು ಮನಸ್ಸಿಲ್ಲ. ಕೀಲರ್ ಅವರ ಇಲಿಗಳ ವಂಶ ಮುಂದೆ ಉಳಿಯಲಿಲ್ಲ. ಬಹಳ ವರ್ಷಗಳ ಮೇಲೆ ಬೇರೆ ಪ್ರಯೋಗಾಲಯಗಳು ಅಂಥದ್ದೇ ದೋಷವಿರುವ ಇಲಿಗಳನ್ನು ಇಟ್ಟುಕೊಂಡು ಅದಕ್ಕೆ ಆರ್‌ಡಿ ಎಂದು ಹೆಸರಿಟ್ಟಿದ್ದವು. ಎರಡೂ ಒಂದೇ ದೋಷವೋ, ಬೇರೆಯೋ? ಕೀಲರ್ ಅವರ ಹಳೆಯ ಸ್ಲೈಡ್‌ಗಳು ಉಳಿದಿದ್ದವು. 70 ವರ್ಷ ಹಳೆಯ ಆ ತುಣುಕುಗಳಿಂದ ಡಿಎನ್‌ಎ ತೆಗೆದು ಓದಿದರು. ದೋಷ ಅದೇ ಜೀನ್‌ನಲ್ಲಿ, ಅದೇ ರೀತಿಯದು. 1993ರಲ್ಲಿ ಬಂದ ಆ ಪ್ರಬಂಧದಲ್ಲಿ ಕೀಲರ್ ಅವರ ಹೆಸರೂ ಇದೆ.

ರೆಟಿನಾದ ಒಳಗೆ ಯಾರ್ಯಾರಿದ್ದಾರೆ

ಪ್ರಕರಣ ಅರ್ಥವಾಗಬೇಕಾದರೆ ರೆಟಿನಾದ ಪಾತ್ರಧಾರಿಗಳ ಪರಿಚಯ ಬೇಕು. ನರಕೋಶಗಳಲ್ಲಿ ಐದು ದೊಡ್ಡ ಗುಂಪುಗಳಿವೆ. ಬೆಳಕು ಹಿಡಿಯುವವು ರಾಡ್ ಮತ್ತು ಕೋನ್, ಇವು ಒಂದು ಗುಂಪು. ಅವುಗಳಿಂದ ಸುದ್ದಿ ತೆಗೆದುಕೊಂಡು ಒಳಕ್ಕೆ ದಾಟಿಸುವವು ಬೈಪೋಲಾರ್ ಕೋಶಗಳು. ಕೊನೆಯಲ್ಲಿ ಗ್ಯಾಂಗ್ಲಿಯಾನ್ ಕೋಶಗಳು. ಇವುಗಳ ಉದ್ದನೆಯ ತಂತುಗಳೆಲ್ಲ ಸೇರಿ ದೃಷ್ಟಿನರವಾಗುತ್ತವೆ, ಮಿದುಳಿಗೆ ಸುದ್ದಿ ಒಯ್ಯುವ ದಾರಿ ಇದೊಂದೇ. ಮಧ್ಯೆ ಅಡ್ಡಡ್ಡವಾಗಿ ಹರಡಿಕೊಂಡು ಅಕ್ಕಪಕ್ಕದ ಸುದ್ದಿಯನ್ನು ತೂಗಿ ತಿದ್ದುವವು ಎರಡು ಗುಂಪು. ಹೊರಗಡೆಯ ಸಾಲಿನಲ್ಲಿ ಹಾರಿಜಾಂಟಲ್ ಕೋಶ, ಒಳಗಡೆಯ ಸಾಲಿನಲ್ಲಿ ಅಮಾಕ್ರೈನ್ ಕೋಶ.

ಮನುಷ್ಯನ ಒಂದು ಕಣ್ಣಿನಲ್ಲಿ ರಾಡ್‌ಗಳು 9 ಕೋಟಿಗೂ ಜಾಸ್ತಿ, ಕೋನ್‌ಗಳು ಸುಮಾರು 46 ಲಕ್ಷ. ಮಿದುಳಿಗೆ ಹೋಗುವ ಗ್ಯಾಂಗ್ಲಿಯಾನ್ ಕೋಶಗಳು ಮಾತ್ರ 10 ಲಕ್ಷದ ಆಸುಪಾಸು. ಅಂದರೆ ಅಷ್ಟೊಂದು ಸುದ್ದಿಯನ್ನು ರೆಟಿನಾ ಒಳಗೇ ಸೋಸಿ, ಹಿಂಡಿ, ಸಾರವನ್ನಷ್ಟೇ ಕಳಿಸುತ್ತದೆ. ಅದಕ್ಕೇ ಗ್ಯಾಂಗ್ಲಿಯಾನ್ ಕೋಶ ಎಂದರೆ ಬರೀ ಸುದ್ದಿ ಒಯ್ಯುವ ಆಳು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಕೂತಿತ್ತು. ಬೆಳಕು ಹಿಡಿಯುವುದು ಹೊರಗಿನವರ ಕೆಲಸ, ತಲುಪಿಸುವುದು ಒಳಗಿನವರ ಕೆಲಸ.

ಇದರಲ್ಲಿ ಒಂದು ತಮಾಷೆ ಇದೆ. ಸಸ್ತನಿಗಳ ಕಣ್ಣಿನಲ್ಲಿ ಪದರಗಳು ತಿರುಗಾಮುರುಗಾ ಕೂತಿವೆ. ಒಳಬಂದ ಬೆಳಕು ಮೊದಲು ದಾಟುವುದು ಗ್ಯಾಂಗ್ಲಿಯಾನ್ ಪದರವನ್ನು. ರಾಡ್, ಕೋನ್‌ಗಳು ಎಲ್ಲಕ್ಕಿಂತ ಹಿಂದಿವೆ. ಬೆಳಕಿಗೆ ಮೊದಲು ಎದುರಾಗುವ ಕೋಶಕ್ಕೆ ಬೆಳಕು ತಿಳಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಸ್ಪೇನ್‌ನ ಸಾಂಟಿಯಾಗೊ ರಮೋನ್ ಇ ಕಹಾಲ್ 1890ರ ದಶಕದಲ್ಲಿ ರೆಟಿನಾದ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರ ಬರೆದರು. ಗಾಲ್ಜಿಯ ಬೆಳ್ಳಿಬಣ್ಣದ ವಿಧಾನ ನೂರಾರು ಕೋಶಗಳಲ್ಲಿ ಒಂದೆರಡಕ್ಕೆ ಮಾತ್ರ ಪೂರ್ತಿಯಾಗಿ ಬಣ್ಣ ಹತ್ತಿಸುತ್ತದೆ, ಉಳಿದವು ಕಾಣುವುದೇ ಇಲ್ಲ. ಅದಕ್ಕೇ ಒಂದೊಂದು ಕೋಶದ ಕೊಂಬೆ ಕೊಂಬೆಯೂ ಸ್ಪಷ್ಟ. ಇವತ್ತಿಗೂ ಆ ಚಿತ್ರಗಳನ್ನು ನೋಡಿದರೆ ಬೆರಗಾಗುತ್ತದೆ. ಆದರೆ ಬಣ್ಣ ಹತ್ತಿಸಿದ ಕೋಶ ಸತ್ತ ಕೋಶ. ಆಕಾರ ಹೇಳುತ್ತದೆ, ಬೆಳಕು ಬಿದ್ದಾಗ ಏನು ಮಾಡುತ್ತದೆ ಎಂದು ಹೇಳುವುದಿಲ್ಲ.

ಚಕ್ರ ತುಳಿಯುವ ಇಲಿ

1972ರಲ್ಲಿ ಒಂದು ಬೇರೆಯೇ ದಿಕ್ಕಿನಿಂದ ದಾರಿ ತೆರೆಯಿತು. ಮಿದುಳಿನ ತಳದಲ್ಲಿ, ಎರಡು ದೃಷ್ಟಿನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟು ಇದೆ. ಅದನ್ನು ಹಾಳುಮಾಡಿದರೆ ಪ್ರಾಣಿಯ ದಿನಚರಿಯ ಲಯವೇ ಕೆಡುತ್ತದೆ ಎಂದು ಅಮೆರಿಕದ ಎರಡು ತಂಡಗಳು ಆ ವರ್ಷ ತೋರಿಸಿದವು. ದೇಹದ ಮುಖ್ಯ ಗಡಿಯಾರ ಇದೇ. ರೆಟಿನಾದಿಂದ ಇಲ್ಲಿಗೆ ನೇರವಾದ ನರದಾರಿ ಇದೆ ಎಂಬುದೂ ಅದೇ ಕಾಲದಲ್ಲಿ ಗೊತ್ತಾಯಿತು.

ಹಾಗಾದರೆ ಕುರುಡು ಇಲಿಯ ಗಡಿಯಾರ ಏನಾಗುತ್ತದೆ? ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಮೆನೇಕರ್ ಅವರ ಪ್ರಯೋಗಾಲಯದಲ್ಲಿದ್ದ ರಸೆಲ್ ಫಾಸ್ಟರ್ ಮತ್ತು ಇಗ್ನೇಸಿಯೊ ಪ್ರೊವೆನ್ಸಿಯೊ ಮೊದಲಾದವರು ಇದನ್ನೇ ಕೇಳಿದರು. ಈ ಪ್ರಶ್ನೆ ಅಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. ಕಣ್ಣಿಲ್ಲದ ಗುಬ್ಬಚ್ಚಿಯೂ ಹಗಲು ರಾತ್ರಿಗೆ ಹೊಂದಿಕೊಳ್ಳುತ್ತದೆ, ಅದರ ಮಿದುಳಿನೊಳಗೇ ಬೆಳಕು ಹಿಡಿಯುವ ಕೋಶಗಳಿವೆ ಎಂದು 1960ರ ದಶಕದಲ್ಲೇ ತೋರಿಸಿದವರು ಮೆನೇಕರ್. ರಾಡ್, ಕೋನ್ ಇಲ್ಲದೆಯೂ ಬೆಳಕು ತಿಳಿಯಬಹುದು ಎಂಬುದು ಅವರಿಗೆ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಪ್ರಯೋಗ ನೋಡಲು ಸರಳ. ಪಂಜರದಲ್ಲಿ ಒಂದು ಚಕ್ರ. ಇಲಿ ಎಚ್ಚರವಿದ್ದಾಗ ಹತ್ತಿ ಓಡುತ್ತದೆ. ಪ್ರತಿ ಸುತ್ತಿಗೂ ಯಂತ್ರ ಒಂದು ಗೆರೆ ಎಳೆಯುತ್ತದೆ. ಒಂದು ದಿನಕ್ಕೆ ಒಂದು ಸಾಲು, ಮರುದಿನದ್ದು ಅದರ ಕೆಳಗೆ. ಪೂರ್ತಿ ಕತ್ತಲಲ್ಲಿಟ್ಟರೆ ಇಲಿಯ ಗಡಿಯಾರ 24 ಗಂಟೆಗಿಂತ ಸ್ವಲ್ಪ ಬೇಗ ಓಡುತ್ತದೆ. ಹಾಗಾಗಿ ಅದು ಓಟ ಶುರುಮಾಡುವ ಹೊತ್ತು ದಿನಾ ಕೆಲವು ನಿಮಿಷ ಮುಂಚೆ ಬರುತ್ತದೆ. ಕಾಗದದ ಮೇಲೆ ಕಪ್ಪು ಪಟ್ಟಿ ಮೆಲ್ಲಗೆ ಎಡಕ್ಕೆ ಜಾರುತ್ತಾ ಇಳಿಯುವುದು ಕಾಣುತ್ತದೆ. ಈಗ ಇಲಿಯ ಲೆಕ್ಕದ ರಾತ್ರಿ ಶುರುವಾದ ಮೇಲೆ 15 ನಿಮಿಷ ಬೆಳಕು ಬಿಟ್ಟು ಆರಿಸಿ. ಮರುದಿನ ಪಟ್ಟಿ ಬಲಕ್ಕೆ ಹಾರಿರುತ್ತದೆ, ಅಲ್ಲಿಂದ ಮತ್ತೆ ಎಡಕ್ಕೆ ಜಾರುತ್ತದೆ. ಗಡಿಯಾರದ ಮುಳ್ಳನ್ನು ಬೆಳಕು ಹಿಂದಕ್ಕೆ ತಿರುಗಿಸಿದೆ. ಎಷ್ಟು ಬೆಳಕಿಗೆ ಎಷ್ಟು ಹಾರಿತು ಎಂದು ಅಳೆದರೆ ಗಡಿಯಾರ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಅಂಕಿ ಸಿಗುತ್ತದೆ.

1991ರಲ್ಲಿ ಬಂದ ಫಲಿತಾಂಶ: ಆರ್‌ಡಿ ಇಲಿಯ ಪಟ್ಟಿಯೂ ಆರೋಗ್ಯವಂತ ಇಲಿಯ ಪಟ್ಟಿಯೂ ಒಂದೇ ಥರ ಹಾರಿದವು. ಸೂಕ್ಷ್ಮತೆಯಲ್ಲೂ ವ್ಯತ್ಯಾಸವಿಲ್ಲ. ಇಷ್ಟೂ ರಾಡ್‌ಗಳು ಸತ್ತಿವೆ, ಗಡಿಯಾರಕ್ಕೆ ಏನೂ ಆಗಿಲ್ಲ! ಆದರೆ ಗುಬ್ಬಚ್ಚಿಯ ಹಾಗೆ ಮಿದುಳಿನಲ್ಲಿ ಗುಟ್ಟು ಅಡಗಿಲ್ಲ. ಸಸ್ತನಿಗಳ ಎರಡೂ ಕಣ್ಣು ತೆಗೆದರೆ ಗಡಿಯಾರ ಬೆಳಕಿಗೆ ಸ್ಪಂದಿಸುವುದೇ ಇಲ್ಲ ಎಂಬುದು ಆಗಲೇ ಗೊತ್ತಿತ್ತು. ಇರುವುದು ಕಣ್ಣಿನಲ್ಲೇ.

ಒಪ್ಪದವರೇ ಜಾಸ್ತಿ. ಅವರ ತಕರಾರು ಸುಮ್ನೆ ಹಠವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಆರ್‌ಡಿ ಇಲಿಯಲ್ಲಿ ರಾಡ್‌ಗಳು ಬೇಗ ಸಾಯುತ್ತವೆ, ಕೋನ್‌ಗಳು ನಿಧಾನವಾಗಿ. ಒಂದಿಷ್ಟು ಕೋನ್‌ಗಳು ಕುಂಟುತ್ತಾ ಉಳಿದಿರುತ್ತವೆ. ಗಡಿಯಾರಕ್ಕೆ ಚಿತ್ರ ಬೇಕಿಲ್ಲ, ಬೆಳಕಿದೆಯೋ ಇಲ್ಲವೋ ಎಂದಷ್ಟೇ ಗೊತ್ತಾದರೆ ಸಾಕು. ಅದಕ್ಕೆ ಅಷ್ಟೇ ಕೋನ್‌ಗಳು ಸಾಲವೇ? ಇಷ್ಟು ಸುಲಭದ ವಿವರಣೆ ಇರುವಾಗ ಹೊಸ ಕೋಶ ಯಾಕೆ ಬೇಕು?

ಈ ತಕರಾರಿಗೆ ಉತ್ತರ ಕೊಡಲು 8 ವರ್ಷ ಹಿಡಿಯಿತು. ರಾಡ್ ಇಲ್ಲದ ಆರ್‌ಡಿ ದೋಷಕ್ಕೆ, ಕೋನ್‌ಗಳನ್ನು ಕೊಲ್ಲುವ ಇನ್ನೊಂದು ಬದಲಾವಣೆಯನ್ನು ತಳಿಯಲ್ಲೇ ಸೇರಿಸಿದರು. ರಾಡೂ ಇಲ್ಲ, ಕೋನೂ ಇಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿದ್ದ ಫಾಸ್ಟರ್ ಅವರ ತಂಡ 1999ರಲ್ಲಿ ಪ್ರಕಟಿಸಿತು. ಪಟ್ಟಿ ಆಗಲೂ ಹಾರಿತು. ರಾತ್ರಿಯ ಹಾರ್ಮೋನ್ ಮೆಲಟೋನಿನ್ ಆಗಲೂ ಬೆಳಕಿಗೆ ಇಳಿಯಿತು. 2001ರಲ್ಲಿ ಇದೇ ಇಲಿಗಳ ಪಾಪೆಯನ್ನು ಬೇರೆ ಬೇರೆ ಬಣ್ಣದ ಬೆಳಕಿಗೆ ಪರೀಕ್ಷಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು 479 ನ್ಯಾನೋಮೀಟರ್ ತರಂಗಾಂತರದ ಸುತ್ತಲಿನ ನೀಲಿ. ಇಲಿಯ ರಾಡ್‌ಗಾಗಲಿ ಕೋನ್‌ಗಾಗಲಿ ಇದು ಹೊಂದುವುದಿಲ್ಲ. ಇನ್ನೇನೋ ಇದೆ.

ಮನುಷ್ಯರಲ್ಲೂ

ಈ ನಡುವೆ, 1995ರಲ್ಲಿ, ಚಾರ್ಲ್ಸ್ ಜೈಸ್ಲರ್ ಮತ್ತು ಸಂಗಡಿಗರು ದೃಷ್ಟಿಯಿಲ್ಲದ 11 ಜನರನ್ನು ಪರೀಕ್ಷಿಸಿದ್ದರು. ರಾತ್ರಿ ರಕ್ತದಲ್ಲಿ ಏರುವ ಮೆಲಟೋನಿನ್, ಪ್ರಖರ ಬೆಳಕು ಬಿದ್ದರೆ ಇಳಿಯಬೇಕು. 11ರಲ್ಲಿ 3 ಜನರಿಗೆ ಅದು ಇಳಿಯಿತು, ಕಾಣುವವರಿಗೆ ಇಳಿದಷ್ಟೇ. ಅವರಲ್ಲಿ ಇಬ್ಬರಿಗೆ ಕಣ್ಣು ಮುಚ್ಚಿ ಮತ್ತೆ ಪರೀಕ್ಷೆ ಮಾಡಿದಾಗ ಇಳಿಯಲಿಲ್ಲ. ಏನೂ ಕಾಣದ ಕಣ್ಣು ಬೆಳಕಿನ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಿತ್ತು, ಆ ವ್ಯಕ್ತಿಗೆ ಮಾತ್ರ ಅದು ಗೊತ್ತೇ ಇರಲಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ತಲೆ ತಿರುಗಿಸುವ ಜಾಗ ಇದು.

ಕಪ್ಪೆಯ ಚರ್ಮದಿಂದ ಬಂದ ಸುಳಿವು

ಬೆಳಕು ಹಿಡಿಯಲು ಆಪ್ಸಿನ್ ಎಂಬ ಜಾತಿಯ ಪ್ರೋಟೀನ್ ಬೇಕು. ಗುಟ್ಟಿನ ಕೋಶ ಯಾವುದೇ ಇರಲಿ, ಅದರಲ್ಲೊಂದು ಆಪ್ಸಿನ್ ಇರಲೇಬೇಕು. ಪ್ರೊವೆನ್ಸಿಯೊ ಅದನ್ನು ಹುಡುಕಿದ ಜಾಗ ಕಣ್ಣಲ್ಲ. ಆಫ್ರಿಕಾದ ಒಂದು ಕಪ್ಪೆಯ ಚರ್ಮದಲ್ಲಿ ಕಪ್ಪು ಬಣ್ಣ ತುಂಬಿದ ಕೋಶಗಳಿವೆ. ಅವನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿ ಬೆಳಕಿಗಿಟ್ಟರೆ ಬಣ್ಣದ ಕಣಗಳು ಹರಡಿಕೊಂಡು ಕೋಶ ಕಪ್ಪಾಗುತ್ತದೆ. ಮಿದುಳಿಲ್ಲ, ಕಣ್ಣಿಲ್ಲ, ಆದರೂ ಬೆಳಕು ತಿಳಿಯುತ್ತದೆ. ಆ ಕೋಶಗಳಲ್ಲಿ ಸಿಕ್ಕಿದ ಹೊಸ ಆಪ್ಸಿನ್‌ಗೆ ಮೆಲನೊಪ್ಸಿನ್ ಎಂದು ಹೆಸರಿಟ್ಟು 1998ರಲ್ಲಿ ಪ್ರಕಟಿಸಿದರು. ಬೆನ್ನೆಲುಬಿರುವ ಪ್ರಾಣಿಗಳ ರಾಡ್, ಕೋನ್‌ಗಳ ಆಪ್ಸಿನ್‌ಗಿಂತ ಬೆನ್ನೆಲುಬಿಲ್ಲದ ಪ್ರಾಣಿಗಳ ಆಪ್ಸಿನ್‌ಗೆ ಇದು ಹತ್ತಿರದ ನೆಂಟ.

2000ದಲ್ಲಿ ಇದೇ ತಂಡ ಇಲಿ ಮತ್ತು ಮನುಷ್ಯರಲ್ಲೂ ಈ ಜೀನ್ ಹುಡುಕಿತು. ಅದು ಕೆಲಸ ಮಾಡುತ್ತಿದ್ದದ್ದು ರೆಟಿನಾದ ಒಳಪದರಗಳಲ್ಲಿ, ಅಲ್ಲೊಂದು ಇಲ್ಲೊಂದು ಕೋಶದಲ್ಲಿ. ರಾಡ್, ಕೋನ್‌ಗಳಲ್ಲಿ ಅದು ಇರಲೇ ಇಲ್ಲ.

ಇಷ್ಟಾದರೂ ಇದು ಅನುಮಾನವೇ ಹೊರತು ಸಾಕ್ಷಿಯಲ್ಲ. ಪ್ರೋಟೀನ್ ಇದ್ದ ಮಾತ್ರಕ್ಕೆ ಕೋಶ ಬೆಳಕಿಗೆ ಸ್ಪಂದಿಸುತ್ತದೆ ಎಂದಾಗುವುದಿಲ್ಲ.

ತುದಿಯಿಂದ ಹಿಂದಕ್ಕೆ

ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್, ಫೆಲಿಸ್ ಡನ್ ಮತ್ತು ಮೊಟೊಹರು ತಕಾವೊ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿದರು. ರೆಟಿನಾದಲ್ಲಿ ಸಾವಿರಾರು ಗ್ಯಾಂಗ್ಲಿಯಾನ್ ಕೋಶಗಳಿವೆ. ಯಾವುದನ್ನು ಪರೀಕ್ಷಿಸುವುದು? ಗಡಿಯಾರಕ್ಕೆ ಸುದ್ದಿ ಕೊಡುವ ಕೋಶಗಳನ್ನಷ್ಟೇ. ಅವನ್ನು ಗುರುತಿಸಲು ಗಡಿಯಾರದಿಂದಲೇ ಹೊರಟರೆ ಆಯಿತು. ತೋಟದಲ್ಲಿ ನೀರು ಬೀಳುವ ತುದಿಯಿಂದ ಪೈಪ್ ಹಿಡಿದು ಹಿಂದಕ್ಕೆ ನಡೆದರೆ ಪಂಪ್ ಸಿಗುತ್ತದಲ್ಲ, ಹಾಗೆ.

ಹೆಗ್ಗಣದ ಜಾತಿಯ ಪ್ರಯೋಗದ ಇಲಿಗಳ ಮಿದುಳಿನಲ್ಲಿ, ಸರಿಯಾಗಿ ಆ ಗಡಿಯಾರದ ಗಂಟಿಗೆ, ಹೊಳೆಯುವ ಸೂಕ್ಷ್ಮ ಮಣಿಗಳನ್ನು ಚುಚ್ಚಿದರು. ನರತಂತುವಿನ ತುದಿ ಆ ಮಣಿಗಳನ್ನು ನುಂಗುತ್ತದೆ. ತಂತುವಿನ ಒಳಗಿನ ಸಾಗಾಟ ಅವನ್ನು ಹಿಂದಕ್ಕೆ, ಕೋಶದ ಒಡಲಿನವರೆಗೆ ಒಯ್ಯುತ್ತದೆ. ಆಮೇಲೆ ಕಣ್ಣು ತೆಗೆದು, ರೆಟಿನಾವನ್ನು ಬಿಡಿಸಿ ತಟ್ಟೆಯಲ್ಲಿ ಜೀವಂತ ಇಟ್ಟು ನೋಡಿದರೆ ಅಲ್ಲೊಂದು ಇಲ್ಲೊಂದು ಕೋಶ ಹೊಳೆಯುತ್ತಿರುತ್ತದೆ. ಅದಕ್ಕೇ ಗಾಜಿನ ಸೂಜಿ ತಾಗಿಸಿ ವಿದ್ಯುತ್ ಅಳೆದರು.

ಬೆಳಕು ಬಿಟ್ಟರು. ಕೋಶ ಉತ್ತೇಜನಗೊಂಡು ಮಿಡಿಯಿತು.

ಇಲ್ಲೊಂದು ಎಚ್ಚರ ಬೇಕು. ಗ್ಯಾಂಗ್ಲಿಯಾನ್ ಕೋಶ ಬೆಳಕಿಗೆ ಮಿಡಿಯುವುದರಲ್ಲಿ ಹೊಸದೇನೂ ಇಲ್ಲ. ರಾಡ್, ಕೋನ್‌ನಿಂದ ಸುದ್ದಿ ಬಂದರೆ ಎಲ್ಲ ಗ್ಯಾಂಗ್ಲಿಯಾನ್ ಕೋಶಗಳೂ ಮಿಡಿಯುತ್ತವೆ. ಹಾಗಾಗಿ ಕೋಶದಿಂದ ಕೋಶಕ್ಕೆ ಸುದ್ದಿ ದಾಟುವುದನ್ನೇ ರಾಸಾಯನಿಕಗಳಿಂದ ಕಟ್ಟಿಹಾಕಿದರು. ಆಗಲೂ ಮಿಡಿಯಿತು. ಕೊನೆಗೆ ಕೋಶದ ಒಡಲನ್ನು ಸುತ್ತಲಿನ ರೆಟಿನಾದಿಂದ ಸೂಜಿಯಲ್ಲೇ ಬಿಡಿಸಿ ಒಂಟಿಯಾಗಿ ನಿಲ್ಲಿಸಿದರು. ಆಗಲೂ ಮಿಡಿಯಿತು! ಹೊಳೆಯದ ಪಕ್ಕದ ಗ್ಯಾಂಗ್ಲಿಯಾನ್ ಕೋಶಗಳು ಇದೇ ಸ್ಥಿತಿಯಲ್ಲಿ ತೆಪ್ಪಗಿದ್ದವು. ಎಲ್ಲಕ್ಕಿಂತ ಇಷ್ಟವಾದ ಬೆಳಕು 484 ನ್ಯಾನೋಮೀಟರ್, ಪಾಪೆಯ ಅಳತೆಗೆ ತೀರ ಹತ್ತಿರ.

2002ರ ಫೆಬ್ರವರಿಯಲ್ಲಿ ಇದು ಪ್ರಕಟವಾಯಿತು. ಅದೇ ಸಂಚಿಕೆಯಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಮರ್ ಹತ್ತಾರ್, ಕಿಂಗ್-ವೈ ಯೌ ಮತ್ತು ಸಂಗಡಿಗರು ಅದೇ ಕೋಶಗಳಲ್ಲಿ ಮೆಲನೊಪ್ಸಿನ್ ಇದೆ ಎಂದು ತೋರಿಸಿದರು. ಮೆಲನೊಪ್ಸಿನ್ ಇರುವ ಕೋಶಗಳೂ ಅವುಗಳ ತಂತುಗಳೂ ನೀಲಿಯಾಗಿ ಕಾಣುವಂತೆ ಇಲಿಯ ಜೀನ್ ಬದಲಿಸಿದ್ದರು. ನೀಲಿ ಎಳೆಗಳು ಕಣ್ಣಿನಿಂದ ಹೊರಟು ಗಡಿಯಾರದ ಗಂಟಿನಲ್ಲಿ ದಟ್ಟವಾಗಿ ಹರಡಿದ್ದವು. ಪಾಪೆಯನ್ನು ಆಳುವ ಕೇಂದ್ರಕ್ಕೂ ಹೋಗಿದ್ದವು. ಆಗಿನ ಲೆಕ್ಕದಲ್ಲಿ ಇವು ಗ್ಯಾಂಗ್ಲಿಯಾನ್ ಕೋಶಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ.

ಇಷ್ಟು ದಿನ ಯಾಕೆ ತಪ್ಪಿಸಿಕೊಂಡವು ಎಂಬುದೂ ಈಗ ಅರ್ಥವಾಗುತ್ತದೆ. ಸಂಖ್ಯೆ ಕಡಿಮೆ ಎಂಬುದು ಒಂದು ಕಾರಣ, ಆದರೆ ಅದೇ ದೊಡ್ಡದಲ್ಲ. ದೊಡ್ಡ ಕಾರಣ ಇವುಗಳ ನಿಧಾನ. ಮೆಲನೊಪ್ಸಿನ್‌ನಿಂದ ಬರುವ ಮಿಡಿತ ಏರಲು ಸೆಕೆಂಡುಗಳೇ ಬೇಕು, ಬೆಳಕು ಆರಿದ ಮೇಲೂ ಅದು ಮುಂದುವರಿಯುತ್ತದೆ. ಬೆಳಕೂ ಪ್ರಖರವಾಗಿರಬೇಕು, ಯಾಕೆಂದರೆ ಕೋಶದ ಪೊರೆಯಲ್ಲಿ ಈ ವರ್ಣದ್ರವ್ಯ ರಾಡ್‌ಗಿಂತ ಸಾವಿರಾರು ಪಟ್ಟು ವಿರಳ. ರೆಟಿನಾ ಅಳೆಯುವವರು ರೂಢಿಯಲ್ಲಿ ಬಳಸುತ್ತಿದ್ದದ್ದು ಕ್ಷಣಮಾತ್ರದ ಮಿಂಚು, ಚಲಿಸುವ ಗೆರೆ, ಚುಕ್ಕಿ. ಅಂಥ ಪರೀಕ್ಷೆಗೆ ಈ ಕೋಶ ಕೊಡುವ ಉತ್ತರದಲ್ಲಿ ಕಾಣುವುದು ರಾಡ್, ಕೋನ್‌ಗಳ ಪಾಲೇ. ಇನ್ನೂ ಒಂದು ವಿಚಿತ್ರ: ಬೆಳಕು ಬಿದ್ದರೆ ರಾಡ್, ಕೋನ್‌ಗಳು ಸುಮ್ಮನಾಗುತ್ತವೆ, ಇದು ಉತ್ತೇಜನಗೊಳ್ಳುತ್ತದೆ. ನೊಣದ ಕಣ್ಣಿನ ಕೋಶ ಮಾಡುವುದೂ ಇದನ್ನೇ, ಒಳಗಿನ ರಾಸಾಯನಿಕ ದಾರಿಯೂ ಅದನ್ನೇ ಹೋಲುತ್ತದೆ.

ಮೆಲನೊಪ್ಸಿನ್ ತೆಗೆದರೆ?

ಪ್ರಕರಣ ಇಲ್ಲಿಗೆ ಮುಗಿಯಬೇಕಿತ್ತು. ಮೆಲನೊಪ್ಸಿನ್ ಜೀನ್ ತೆಗೆದುಹಾಕಿ, ಗಡಿಯಾರ ಕುರುಡಾಯಿತು ಎಂದು ತೋರಿಸಿದರೆ ಆಯಿತು. 2002ರ ಕೊನೆಯಲ್ಲಿ ಎರಡು ತಂಡಗಳು ಅದನ್ನು ಮಾಡಿದವು. ಗಡಿಯಾರ ಕುರುಡಾಗಲಿಲ್ಲ. ಪಟ್ಟಿ ಹಾರುವುದು ಕುಗ್ಗಿತು, ಅಷ್ಟೇ. ಇಲಿ ಹಗಲು ರಾತ್ರಿಗೆ ಹೊಂದಿಕೊಂಡೇ ಇತ್ತು.

ರಾಡ್, ಕೋನ್ ತೆಗೆದರೂ ಗಡಿಯಾರಕ್ಕೆ ಬೆಳಕು ತಿಳಿಯುತ್ತದೆ. ಮೆಲನೊಪ್ಸಿನ್ ತೆಗೆದರೂ ತಿಳಿಯುತ್ತದೆ. 2003ರಲ್ಲಿ ಮೂರನ್ನೂ ಒಟ್ಟಿಗೆ ಕೆಡಿಸಿದರು. ಆಗ ಪಾಪೆ ಅಲುಗಲಿಲ್ಲ, ಗಡಿಯಾರ ಹೊಂದಿಕೊಳ್ಳಲಿಲ್ಲ. ಅಂದರೆ ನಾಲ್ಕನೆಯ ಬಗೆಯೊಂದು ಈ ಕೆಲಸಕ್ಕೆ ಅಡಗಿ ಕೂತಿಲ್ಲ.

ಆದರೆ ರಾಡ್, ಕೋನ್‌ಗಳ ಸುದ್ದಿ ಗಡಿಯಾರವನ್ನು ಮುಟ್ಟುವುದು ಯಾವ ದಾರಿಯಲ್ಲಿ? ಇದಕ್ಕೆ ಉತ್ತರ ಬಂದದ್ದು 2008ರಲ್ಲಿ. ಈ ಸಲ ಪ್ರೋಟೀನ್ ತೆಗೆಯಲಿಲ್ಲ, ಮೆಲನೊಪ್ಸಿನ್ ಇರುವ ಕೋಶಗಳನ್ನೇ ವಿಷದಿಂದ ಕೊಂದರು. ರಾಡ್ ಇದೆ, ಕೋನ್ ಇದೆ, ಬೇರೆ ಗ್ಯಾಂಗ್ಲಿಯಾನ್ ಕೋಶಗಳೂ ಇವೆ. ಇಲಿಗೆ ಕಣ್ಣು ಕಾಣುತ್ತದೆ. ಗಡಿಯಾರ ಮಾತ್ರ ಬೆಳಕನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೀಲರ್ ಕಂಡದ್ದಕ್ಕೆ ಸರಿಯಾಗಿ ಉಲ್ಟಾ: ಅಲ್ಲಿ ನೋಡಲಾರದ ಇಲಿಗೆ ಬೆಳಗಾದದ್ದು ಗೊತ್ತಾಗುತ್ತಿತ್ತು, ಇಲ್ಲಿ ನೋಡಬಲ್ಲ ಇಲಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಈ ಕೋಶ ಎರಡು ಕೆಲಸ ಮಾಡುತ್ತದೆ. ತಾನೇ ಬೆಳಕು ಹಿಡಿಯುತ್ತದೆ, ಜೊತೆಗೆ ಬೈಪೋಲಾರ್, ಅಮಾಕ್ರೈನ್‌ಗಳ ಮೂಲಕ ಬಂದ ರಾಡ್, ಕೋನ್‌ಗಳ ಸುದ್ದಿಯನ್ನೂ ಗಡಿಯಾರಕ್ಕೆ ಮುಟ್ಟಿಸುತ್ತದೆ. ಪ್ರೋಟೀನ್ ತೆಗೆದರೆ ಮೊದಲನೆಯದು ನಿಲ್ಲುತ್ತದೆ, ಕೋಶ ಕೊಂದರೆ ಎರಡೂ. ಒಂದು ಜೀನ್‌ನ ಕೆಲಸ ಬೇರೆ, ಆ ಜೀನ್ ಇರುವ ಕೋಶದ ಕೆಲಸ ಬೇರೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಬಗೆಯೋ, ಆರೋ?

ಮೂರನೆಯ ಬಗೆ ಎಂದು ಶುರುಮಾಡಿದ್ದು ನೋಡನೋಡುತ್ತಾ ಒಡೆಯತೊಡಗಿತು. ಹೆಚ್ಚು ಸೂಕ್ಷ್ಮವಾದ ಬಣ್ಣ ಹಚ್ಚಿದಾಗ, ಇಲಿಯಲ್ಲಿ ಮೆಲನೊಪ್ಸಿನ್ ಕಡಿಮೆ ಇರುವ ಇನ್ನಷ್ಟು ಕೋಶಗಳು ಕಂಡವು. ಈಗ ಎಂ1ರಿಂದ ಎಂ6ರವರೆಗೆ ಹೆಸರಿವೆ. 2002ರಲ್ಲಿ ಮೊದಲು ಕಂಡದ್ದು ಎಂ1. ಎಂ4 ಅಂತೂ ಹಳೆಯ ಪರಿಚಯದ ದೊಡ್ಡ ಆಲ್ಫಾ ಗ್ಯಾಂಗ್ಲಿಯಾನ್ ಕೋಶವೇ. ಅದನ್ನು ದಶಕಗಳಿಂದ ಅಳೆಯುತ್ತಿದ್ದವರಿಗೆ ಅದರೊಳಗೆ ಮೆಲನೊಪ್ಸಿನ್ ಇದೆ ಎಂದು ಗೊತ್ತಿರಲಿಲ್ಲ. ಅದು ಚಿತ್ರ ನೋಡುವ ದಾರಿಯಲ್ಲೂ ಕೆಲಸ ಮಾಡುತ್ತದೆ.

ಎಂ1 ಒಂದರೊಳಗೇ ಮತ್ತೆ ಎರಡು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ. ಆದರೆ ಒಂದರಲ್ಲಿ ಬ್ರಿನ್3ಬಿ ಎಂಬ ಜೀನ್ ಓಡುತ್ತದೆ, ಇನ್ನೊಂದರಲ್ಲಿ ಇಲ್ಲ. ಬ್ರಿನ್3ಬಿ ಇರುವ ಕೋಶಗಳನ್ನಷ್ಟೇ ಕೊಂದಾಗ ಇಲಿಯ ಪಾಪೆಯ ಪ್ರತಿಕ್ರಿಯೆ ತೀರಾ ಕುಂದಿತು, ಗಡಿಯಾರ ಮಾತ್ರ ಸರಿಯಾಗಿಯೇ ನಡೆಯಿತು. 2011ರಲ್ಲಿ ಇದು ಪ್ರಕಟವಾದಾಗ ಒಂದು ವಿಷಯ ಖಚಿತವಾಯಿತು: ಕೀಲರ್ ನೋಡಿದ ಪಾಪೆಗೂ ಫಾಸ್ಟರ್ ಅಳೆದ ಗಡಿಯಾರಕ್ಕೂ ಸುದ್ದಿ ಒಯ್ಯುವವು ಬಹುಮಟ್ಟಿಗೆ ಬೇರೆ ಬೇರೆ ಕೋಶಗಳು. ಎರಡನ್ನೂ ಒಂದೇ ಪ್ರಶ್ನೆ ಎಂದುಕೊಂಡು ಇಷ್ಟು ದೂರ ಬಂದಿದ್ದೆವು.

ಬಗೆ ಎಷ್ಟು ಎಂಬ ಲೆಕ್ಕ ಈಗ ಒಂದೊಂದು ಕೋಶದಲ್ಲೂ ಯಾವ ಜೀನ್‌ಗಳು ಓಡುತ್ತಿವೆ ಎಂದು ಓದಿ ಹಾಕುವ ಲೆಕ್ಕ. 2015ರಲ್ಲಿ ಇಲಿಯ ರೆಟಿನಾದ 44,808 ಕೋಶಗಳನ್ನು ಹೀಗೆ ಓದಿ 39 ಗುಂಪು ಮಾಡಿದರು. ಆಮೇಲೆ ಒಂದೊಂದೇ ಗುಂಪಿಗೆ ಕೈಹಾಕಿದಾಗ ಬೈಪೋಲಾರ್ 15 ಬಗೆ, ಗ್ಯಾಂಗ್ಲಿಯಾನ್ ಸುಮಾರು 46, ಅಮಾಕ್ರೈನ್ 63 ಎಂದಾಯಿತು. ಬೈಪೋಲಾರ್‌ನಲ್ಲಿ ಆಕಾರದ ಲೆಕ್ಕವೂ ಜೀನ್‌ನ ಲೆಕ್ಕವೂ ಚೆನ್ನಾಗಿ ಕೂಡಿಬರುತ್ತವೆ, ಅಲ್ಲಿ ಜಗಳ ಕಡಿಮೆ. ಅಮಾಕ್ರೈನ್‌ಗಳ ಕಥೆ ಹಾಗಲ್ಲ. 63ರಲ್ಲಿ ಬಹಳಷ್ಟು ಬಗೆಗಳ ಕೆಲಸ ಏನೆಂದು ಯಾರೂ ಇನ್ನೂ ಅಳೆದಿಲ್ಲ. ಜೀನ್ ಪಟ್ಟಿಯಲ್ಲಿ ಒಂದು ಗುಂಪಾಗಿ ಕಂಡದ್ದಕ್ಕೆಲ್ಲ ಬಗೆ ಎಂದು ಹೆಸರಿಡುವುದು ನನಗೆ ಸ್ವಲ್ಪ ಆತುರ ಅನ್ನಿಸುತ್ತದೆ. ಎಂ1 ಕೋಶಗಳನ್ನು ಒಡೆದು ತೋರಿಸಿದ್ದು ಜೀನ್ ನಿಜ, ಆದರೆ ಆ ಒಡಕಿಗೆ ಅರ್ಥ ಬಂದದ್ದು ಕೊಂದು ನೋಡಿ, ಪಾಪೆ ಅಳೆದ ಮೇಲೆ.

ಕಣ್ಣಿನ ವೈದ್ಯರಿಗೆ ಇದರಿಂದ ಏನಾಯಿತು

2005ರಲ್ಲಿ ಪ್ರೈಮೇಟ್‌ಗಳ ರೆಟಿನಾದಲ್ಲೂ ಈ ಕೋಶಗಳನ್ನು ಅಳೆದರು. ಮನುಷ್ಯನ ಒಂದು ಕಣ್ಣಿನಲ್ಲಿ ಸುಮಾರು 3,000, ದೈತ್ಯ ಗಾತ್ರದವು, ಕೊಂಬೆಗಳು ಬಹಳ ದೂರ ಚಾಚಿರುವಂಥವು. 2007ರಲ್ಲಿ ರಾಡ್, ಕೋನ್ ಕೆಲಸ ಮಾಡದ ಇಬ್ಬರು ಅಂಧರ ಅಧ್ಯಯನ ಬಂತು. ಅವರಲ್ಲಿ 87 ವರ್ಷದ ಒಬ್ಬ ಮಹಿಳೆಗೆ ಬೆಳಕು ಇದೆಯೋ ಇಲ್ಲವೋ ಹೇಳಿ ಎಂದು ಕೇಳಿದರು. 481 ನ್ಯಾನೋಮೀಟರ್ ನೀಲಿಗೆ ಅವರು ಸರಿಯಾಗಿ ಹೇಳಿದರು. ಬೇರೆ ಬಣ್ಣಗಳಿಗೆ ಹೇಳಲಾಗಲಿಲ್ಲ.

ಮನುಷ್ಯನ ಒಳಗಡಿಯಾರ ಸರಾಸರಿ 24 ಗಂಟೆ 11 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಬೆಳಕು ದಿನಾ ತಿದ್ದದಿದ್ದರೆ ನಿದ್ದೆಯ ಹೊತ್ತು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹೋಗುತ್ತಾ, ಸುಮಾರು ಎರಡು ತಿಂಗಳಲ್ಲಿ ಹಗಲು ರಾತ್ರಿ ಅದಲುಬದಲಾಗುತ್ತದೆ. ಎರಡೂ ಕಣ್ಣು ಕಳೆದುಕೊಂಡವರಲ್ಲಿ ಈ ತೊಂದರೆ ಜಾಸ್ತಿ. ರೆಟಿನೈಟಿಸ್ ಪಿಗ್ಮೆಂಟೋಸಾದಂಥ ರೋಗದಲ್ಲಿ ರಾಡ್, ಕೋನ್ ಸತ್ತರೂ ಒಳಪದರದ ಈ ಕೋಶಗಳು ಉಳಿದಿರಬಹುದು. ಆದ್ದರಿಂದ ಕಾಣದ ಕಣ್ಣನ್ನು ತೆಗೆಯುವ ಮಾತು ಬಂದಾಗ ವೈದ್ಯರು ನೋಡಬೇಕಾದ್ದು ದೃಷ್ಟಿಯೊಂದನ್ನೇ ಅಲ್ಲ. ಅಂಥವರು ಹಗಲಿನ ಬೆಳಕಿಗೆ ಕಣ್ಣು ಒಡ್ಡುವುದಕ್ಕೂ ಅರ್ಥವಿದೆ.

ಲೀಬರ್ ದೃಷ್ಟಿನರ ರೋಗದಲ್ಲಿ ಪರಿಸ್ಥಿತಿ ತಲೆಕೆಳಗು. ಅಲ್ಲಿ ರಾಡ್, ಕೋನ್ ಚೆನ್ನಾಗಿಯೇ ಇರುತ್ತವೆ, ಸಾಯುವುದು ಗ್ಯಾಂಗ್ಲಿಯಾನ್ ಕೋಶಗಳು. ದೃಷ್ಟಿ ಹೋದರೂ ಪಾಪೆ ಬೆಳಕಿಗೆ ಸ್ಪಂದಿಸುತ್ತಲೇ ಇರುವುದು ವೈದ್ಯರಿಗೆ ಒಗಟಾಗಿತ್ತು. ಈ ರೋಗವಿದ್ದು ತೀರಿಕೊಂಡವರ ಕಣ್ಣುಗಳಲ್ಲಿ ಕೋಶಗಳನ್ನು ಎಣಿಸಿದ ಅಧ್ಯಯನ 2010ರಲ್ಲಿ ಬಂತು. ಬೇರೆ ಗ್ಯಾಂಗ್ಲಿಯಾನ್ ಕೋಶಗಳು ಬಹುಪಾಲು ಸತ್ತಿದ್ದವು, ಮೆಲನೊಪ್ಸಿನ್ ಕೋಶಗಳು ಹೆಚ್ಚಾಗಿ ಉಳಿದಿದ್ದವು. ಇಲಿಯ ದೃಷ್ಟಿನರವನ್ನು ಜಜ್ಜಿದಾಗಲೂ ಎರಡು ವಾರದಲ್ಲಿ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ನೂರಕ್ಕೆ 80ರಷ್ಟು ಸಾಯುತ್ತವೆ, ಆದರೆ ಎಲ್ಲ ಬಗೆಗಳೂ ಒಂದೇ ಪ್ರಮಾಣದಲ್ಲಲ್ಲ. 2019ರಲ್ಲಿ ಬಗೆವಾರು ಲೆಕ್ಕ ಹಾಕಿದಾಗ ಗಟ್ಟಿಯಾಗಿ ಉಳಿದವುಗಳ ಸಾಲಿನಲ್ಲಿ ಮೆಲನೊಪ್ಸಿನ್ ಕೋಶಗಳೂ ಆಲ್ಫಾ ಕೋಶಗಳೂ ಇದ್ದವು. ಗ್ಲಾಕೋಮಾದಲ್ಲೂ ಸಾಯುವುದು ಗ್ಯಾಂಗ್ಲಿಯಾನ್ ಕೋಶಗಳೇ ಆದ್ದರಿಂದ, ಉಳಿದುಕೊಂಡ ಬಗೆಗಳಲ್ಲಿ ಓಡುವ ಜೀನ್‌ಗಳನ್ನು ಸಾಯುವ ಬಗೆಗಳಿಗೆ ಸೇರಿಸಿ, ಅವು ಎಷ್ಟು ದಿನ ಬದುಕುತ್ತವೆ ಎಂದು ಇಲಿಗಳಲ್ಲಿ ಪರೀಕ್ಷಿಸುವ ಕೆಲಸ ಶುರುವಾಗಿದೆ.